ಲಾಭ, ಎರಡು, ಮೂರು

ಮೇಸ್ತ್ರಿ ತೀರಿಕೊಂಡರು ಎಂದು ಅವರ ಮಗಳು ಕುಷ್ಟಗಿಯಿಂದ ಫೋನ್ ಮಾಡಿದಾಗ ನಾನು ಹಲ್ಲುಜ್ಜುತ್ತಿದ್ದೆ. ಬಾಯಿ ತುಂಬ ನೊರೆ, ಮಾತೇ ಹೊರಡಲಿಲ್ಲ. ಒಳ್ಳೆಯದೇ ಆಯಿತು. ಆ ಮನುಷ್ಯನ ಬದುಕಿನಲ್ಲಿ ನಾನು ಒಮ್ಮೆ ಬಾಯಿ ಹಾಕಿ ಮಾಡಿದ್ದೇ ಸಾಕಾಗಿದೆ. "ಸಂಜಿ ಐದಕ್ಕ ಮಣ್ಣು ಮಾಡ್ತೀವ್ರಿ ಸರ. ಸಿದ್ದಾಪುರದ ಅಕ್ಕಗ ನೀವ ತಿಳಸ್ರಿ, ಆಕಿ ಫೋನ್ ಎತ್ತವಲ್ಲಳ್ರಿ" ಎಂದಳು.

ಸಿದ್ದಾಪುರದ ಅಕ್ಕ ಅಂದರೆ ಹುಲಿಗೆಮ್ಮ, ಮೇಸ್ತ್ರಿಯ ಕೈಯಲ್ಲಿ ಕೆಲಸ ಕಲಿತವಳು. ನಾನೂ ಎರಡು ಸಲ ಫೋನ್ ಮಾಡಿ ನೋಡಿದೆ, ಎತ್ತಲಿಲ್ಲ. ಯಾಕೆ ಎತ್ತುವುದಿಲ್ಲ ಎಂಬುದು ನನಗೆ ಗೊತ್ತು. ಗಂಗಾವತಿ ನಿಲ್ದಾಣಕ್ಕೆ ಹೋಗಿ ಸಿದ್ದಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಎರಡೂ ಕಡೆ ಗದ್ದೆ, ಸಸಿಮಡಿ, ಬಾಗಿದ ಹೆಂಗಸರ ಬೆನ್ನು. ಆ ಮನುಷ್ಯ ಒಂದೊಂದಾಗಿ ನೆನಪಾಗತೊಡಗಿದರು. ನೆನಪಾದದ್ದನ್ನು ಬಂದ ಹಾಗೆ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ನಾವಿಬ್ಬರೂ ಕೆಲಸ ಮಾಡಿದ ತರಬೇತಿ ಕೇಂದ್ರದ ಯಾವ ಕಾಗದದಲ್ಲೂ ಅವರ ಹೆಸರಿನ ಮುಂದೆ ಅವರು ನಿಜವಾಗಿ ಮಾಡುತ್ತಿದ್ದ ಕೆಲಸವನ್ನು ಬರೆದಿರಲಿಲ್ಲ. ಈಗ ನಾನೊಬ್ಬ ಬರೆದು ಏನು ಉದ್ಧಾರ ಮಾಡುವುದಿದೆ?

ಕೇಂದ್ರ ಇದ್ದದ್ದು ಗಂಗಾವತಿಯಲ್ಲಿ, ಮುಚ್ಚಿಹೋದ ಅಕ್ಕಿ ಗಿರಣಿಯೊಂದರ ಗೋದಾಮಿನಲ್ಲಿ. ಗೋಡೆಗೆ ಎಷ್ಟು ಸುಣ್ಣ ಬಳಿದರೂ ತೌಡಿನ ವಾಸನೆ ಹೋಗಿರಲಿಲ್ಲ. ಒಂದು ಕೋಣೆಯಲ್ಲಿ ಹೊಲಿಗೆ, ಒಂದರಲ್ಲಿ ಕಂಪ್ಯೂಟರು, ಹಿಂದಿನ ದೊಡ್ಡ ಕೋಣೆಯಲ್ಲಿ ಮೋಟಾರ್ ರಿವೈಂಡಿಂಗ್. ರಿವೈಂಡಿಂಗ್ ಅಂದರೆ ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರು ಬಿಚ್ಚಿ, ಕರಕಲಾದ ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಅದನ್ನು ಕಲಿಸುತ್ತಿದ್ದವರು ಮೇಸ್ತ್ರಿ. ಆದರೆ ಅವರು ಓದಿದ್ದು ನಾಲ್ಕನೇ ಇಯತ್ತೆ. ಹಾಗಾಗಿ ಹಾಜರಿ ಪುಸ್ತಕದಲ್ಲಿ ಅವರು 'ಅಟೆಂಡರ್'. 'ತರಬೇತುದಾರ' ಎಂದು ಸಹಿ ಮಾಡುತ್ತಿದ್ದವನು ಡಿಪ್ಲೊಮಾ ಮುಗಿಸಿದ ಒಬ್ಬ ಹುಡುಗ. ತಿಂಗಳಿಗೊಮ್ಮೆ ಬಂದು ಸಹಿ ಹಾಕಿ, ಮೇಸ್ತ್ರಿಯಿಂದಲೇ ಚಹಾ ತರಿಸಿಕೊಂಡು ಕುಡಿದು ಹೋಗುತ್ತಿದ್ದ.

ನಾನೇನು ಮಾಡುತ್ತಿದ್ದೆ ಎಂದು ಹೇಳಲು ನನಗೇ ನಾಚಿಕೆ. 'ವ್ಯಕ್ತಿತ್ವ ವಿಕಸನ' ಎಂಬ ವಿಷಯ ನನ್ನದು. ಕೈ ಕುಲುಕುವುದು ಹೇಗೆ, ಸಂದರ್ಶನದಲ್ಲಿ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಹೇಗೆ ಎಂದೆಲ್ಲ ಯಲಬುರ್ಗಾ, ಕುಷ್ಟಗಿ ಕಡೆಯ ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಪುಸ್ತಕದಲ್ಲಿ ಬರೆದಿದ್ದಂತೆ ಒಬ್ಬನನ್ನು, "ಐದು ವರ್ಷದ ನಂತರ ನೀನು ಎಲ್ಲಿರಬೇಕು ಅಂತ ಆಸೆ?" ಎಂದು ಕೇಳಿದೆ. ಅವನು ತುಂಬ ಯೋಚಿಸಿ, "ಈ ಕಡೆ ನಾಟಿ ಇದ್ರ ಇಲ್ಲೇ ಇರ್ತೀನ್ರಿ ಸರ. ಇಲ್ಲಂದ್ರ ಮಂಗಳೂರ ಕಡೆ ದುಡಿಯಾಕ ಹೋಗಿರ್ತೀನಿ" ಎಂದ. ಯಾರೂ ನಗಲಿಲ್ಲ. ನಾನು ಪುಟ ತಿರುವಿದೆ.

ಯೋಜನೆಗಳು ಬರುತ್ತಿದ್ದವು, ಹೋಗುತ್ತಿದ್ದವು. ಪ್ರತಿಯೊಂದಕ್ಕೂ ಹೊಸ ಹೆಸರು, ಹೊಸ ಬಣ್ಣದ ಟೀ ಶರ್ಟು, ಹೊಸ ಬ್ಯಾನರು. ಮೂರು ತಿಂಗಳು ಕಲಿಸು, ಪ್ರಮಾಣಪತ್ರ ಕೊಡು, ಫೋಟೋ ಹಿಡಿ, ಯಾವುದೋ ದೂರದ ಊರಿನ ಕಂಪನಿಯ ನೇಮಕಾತಿ ಪತ್ರ ಕೊಟ್ಟು ಬಸ್ ಹತ್ತಿಸು. ಮಕ್ಕಳು ಅಲ್ಲಿ ಡಬ್ಬಿ ಪ್ಯಾಕ್ ಮಾಡಿ, ಅನ್ನ ಸೇರದೆ, ಹಬ್ಬಕ್ಕೆ ಊರಿಗೆ ಬಂದವರು ಮತ್ತೆ ಹೋಗುತ್ತಿರಲಿಲ್ಲ. ಹೋಗಿದ್ದಾರೆ ಎಂದೇ ನಮ್ಮ ಕಡತದಲ್ಲಿ ಇರುತ್ತಿತ್ತು. ಇದನ್ನೆಲ್ಲ ನೋಡಿ ನೋಡಿ ನನಗೆ ಸಾಕಾಗಿತ್ತು. ಹಿಂದಿನ ಕೋಣೆಗೆ ಹೋಗಿ ಮೇಸ್ತ್ರಿಯ ಪಕ್ಕದ ಸ್ಟೂಲಿನ ಮೇಲೆ ಕೂತರೆ ಮಾತ್ರ, ಇಲ್ಲೊಂದು ಕೆಲಸ ನಡೆಯುತ್ತಿದೆ ಅನ್ನಿಸುತ್ತಿತ್ತು.

ಕುಳ್ಳಗೆ, ಕಪ್ಪಗೆ, ತಲೆಗೊಂದು ಟವೆಲ್ಲು. ಬಲಗೈ ತೋರುಬೆರಳಿಗೆ ಯಾವಾಗಲೂ ಹತ್ತಿಯ ಟೇಪು ಸುತ್ತಿರುತ್ತಿದ್ದರು. ತಂತಿ ಎಳೆದೆಳೆದು ಅಲ್ಲಿ ಚರ್ಮ ಸೀಳಿರುತ್ತಿತ್ತು. ಹೊಸದಾಗಿ ಬಂದವರಿಗೆ ಅಂಕಪಟ್ಟಿ ಕೇಳುತ್ತಿರಲಿಲ್ಲ. "ಮನ್ಯಾಗ ಯಾರ್‍ಯಾರು ದುಡೀತಾರ?" ಎಂದು ಕೇಳುತ್ತಿದ್ದರು. ಆಮೇಲೆ ಒಂದು ಸುಟ್ಟ ಮೋಟಾರು ಮುಂದಿಟ್ಟು, "ಮೂಸಿ ನೋಡು" ಎನ್ನುತ್ತಿದ್ದರು. ವಾಸನೆ ಹಿಡಿದೇ ಮೋಟಾರು ಯಾಕೆ ಸುಟ್ಟಿತು ಎಂದು ಹೇಳಬಲ್ಲವರಾಗಿದ್ದರು ಅವರು. ಮೊದಲ ಒಂದು ತಿಂಗಳು ಯಾರಿಗೂ ಹೊಸ ತಂತಿ ಮುಟ್ಟಲು ಕೊಡುತ್ತಿರಲಿಲ್ಲ. ಹಳೆಯದನ್ನು ಕೀಳುವುದು, ಎಷ್ಟು ಸುತ್ತು ಇತ್ತು ಎಂದು ಎಣಿಸುವುದು, ಬರೆಯುವುದು, ಇಷ್ಟೇ ಕೆಲಸ.

ಆ ಎಣಿಕೆಯೇ ಅವರ ಮಡಿ. ಕೊಳವೆ ಬಾವಿಯೊಳಗೆ ಇಳಿಬಿಡುವ ಮೋಟಾರಿನಲ್ಲಿ ತಂತಿಯನ್ನು ಯಂತ್ರದಿಂದ ಸುತ್ತಿ ಇಳಿಸಲು ಬರುವುದಿಲ್ಲ. ಕಬ್ಬಿಣದ ಕೊಳವೆಯ ಒಳಸುತ್ತಿನಲ್ಲಿ ಸಣ್ಣ ತೂತುಗಳಿರುತ್ತವೆ. ತಂತಿಯನ್ನು ಒಂದು ತೂತಿನಲ್ಲಿ ತೂರಿಸಿ, ಆ ಕಡೆ ಎಳೆದು, ಮತ್ತೊಂದರಲ್ಲಿ ವಾಪಸು ತರಬೇಕು. ಅದು ಒಂದು ಸುತ್ತು. ಹೀಗೆ ಒಂದು ಕಾಯಿಲಿಗೆ, ಅಂದರೆ ತಂತಿಯ ಒಂದು ಸುರುಳಿಗೆ, ನಲವತ್ತನಾಲ್ಕು ಸುತ್ತು ಎಂದಿದ್ದರೆ ನಲವತ್ತನಾಲ್ಕೇ ಆಗಬೇಕು. ಹೆಚ್ಚು ಕಡಿಮೆಯಾದರೆ ಮೋಟಾರು ಬಿಸಿಯಾಗಿ ಒಂದು ಹಂಗಾಮಿಗೇ ಮತ್ತೆ ಸುಡುತ್ತದೆ. ಎಣಿಸುವಾಗ ಅವರು 'ಒಂದು' ಎನ್ನುತ್ತಿರಲಿಲ್ಲ. ಕಣದಲ್ಲಿ ರಾಶಿ ಅಳೆಯುವವರು ಅನ್ನುವ ಹಾಗೆ "ಲಾಭ" ಎಂದು ಶುರು ಮಾಡುತ್ತಿದ್ದರು. ಲಾಭ, ಎರಡು, ಮೂರು. ಯಾಕೆ ಎಂದು ಕೇಳಿದ್ದಕ್ಕೆ, "ನಮ್ಮಪ್ಪ ಮಂದಿ ರಾಶಿ ಅಳಿಯಾಂವ ಇದ್ದ್ರಿ ಸರ. ಜೀವಮಾನೆಲ್ಲ ಲಾಭ, ಲಾಭ ಅಂದ. ನಮ್ಮ ಮನಿಗೆ ಬಂದಿದ್ದು ಮೊರದಾಗಿನ ತೂರಿದ ಹೊಟ್ಟು. ನಾ ತಂತಿಗೆ ಅಂತೀನಿ, ರೊಟ್ಟಿರ ಬರ್ತೈತಿ" ಎಂದು ನಕ್ಕಿದ್ದರು.

ಲಾಭ ಎಂದ ಮೇಲೆ ಮುಗಿಯಿತು, ಕೊನೆಯ ಸುತ್ತಿನ ತನಕ ಮಾತಿಲ್ಲ. ಯಾರೇ ಕರೆದರೂ ತಲೆ ಎತ್ತುವುದಿಲ್ಲ. ಒಮ್ಮೆ ಕೊಪ್ಪಳದಿಂದ ದೊಡ್ಡ ಸಾಹೇಬರು ತಪಾಸಣೆಗೆ ಬಂದು, "ಏನ್ರೀ, ಹೇಗಿದೆ ಕೆಲಸ?" ಎಂದರು. ಮೇಸ್ತ್ರಿ ತುಟಿ ಅಲ್ಲಾಡಿಸುತ್ತ ಬಗ್ಗಿಕೊಂಡೇ ಇದ್ದರು. ನಮ್ಮ ಪ್ರಾಂಶುಪಾಲರ ಹಣೆಯಲ್ಲಿ ಬೆವರು. ಸಾಹೇಬರು ಮುಖ ಗಂಟಿಕ್ಕಿ ಹೊಲಿಗೆ ಕೋಣೆಗೆ ಹೋದರು. ಎಷ್ಟೋ ಹೊತ್ತಿನ ಮೇಲೆ ಮೇಸ್ತ್ರಿ ಖಾಲಿ ಬಾಗಿಲಿನ ಕಡೆ ತಿರುಗಿ, "ಛಲೋ ನಡದೈತ್ರಿ ಸಾಹೇಬ್ರ, ನಮಸ್ಕಾರ್ರಿ" ಎಂದರು. ಸುತ್ತ ಕೂತ ಮಕ್ಕಳು ಬಿದ್ದು ಬಿದ್ದು ನಕ್ಕರು. ಅವರೂ ನಕ್ಕರು.

ಎಣಿಕೆ ನಡುವೆ ತಪ್ಪಿತು ಅಂದರೆ ಅಷ್ಟೂ ಬಿಚ್ಚಬೇಕು. ಅಂದಾಜಿಗೆ ಜಾಗವೇ ಇಲ್ಲ. ಮೂವತ್ತಾಗಿರಲಿ, ನಲವತ್ತಾಗಿರಲಿ, ಮತ್ತೆ ಲಾಭದಿಂದ. ಎಷ್ಟೋ ಮಕ್ಕಳು ಈ ಕಾಟ ತಾಳಲಾರದೆ ಬಿಟ್ಟು ಹೋಗುತ್ತಿದ್ದರು. ಹೋದವರ ಬಗ್ಗೆ ಅವರು ಸಿಟ್ಟಾಗಿದ್ದು ನಾನು ನೋಡಿಲ್ಲ. ಉಳಿದವರಿಗೆ ಮಾತ್ರ ಒಂದು ಮಾತು ಹೇಳುತ್ತಿದ್ದರು. "ಇದನ್ನ ಕಲ್ತ್ರ ಬಡತನ ಹೋಗ್ತೈತಿ ಅಂತ ನಾ ಸುಳ್ಳ ಹೇಳಂಗಿಲ್ಲ. ನನ್ನ ನೋಡಿದ್ರ ನಿಮಗ ಗೊತ್ತಾಕ್ಕೈತಿ. ಇವತ್ತಿನ ತನಕ ನಿಮ್ಮವ್ವ ನಿಮ್ಮಪ್ಪ ಕೆಲಸ ಐತೇನ್ರಿ ಅಂತ ಮಂದಿ ಬಾಗಲಕ್ಕ ಹೋಗ್ಯಾರ. ಮೋಟಾರ್ ಸುಟ್ರ ಆ ಮಂದಿ ನಿಮ್ಮ ಬಾಗಲಕ್ಕ ಬರ್ತಾರ. ಇಷ್ಟ ನಾ ಕೊಡಾಕಾಗೋದು." ನನ್ನ ವ್ಯಕ್ತಿತ್ವ ವಿಕಸನದ ಇನ್ನೂರು ಪುಟದಲ್ಲಿ ಇಷ್ಟು ನೆಟ್ಟಗಿನ ಮಾತು ಒಂದೂ ಇರಲಿಲ್ಲ.

ಹುಲಿಗೆಮ್ಮ ಬಂದದ್ದು ಹೊಲಿಗೆ ಕಲಿಯಲು. ಯಲಬುರ್ಗಾ ಕಡೆಯಿಂದ ನಾಟಿ ಕೆಲಸಕ್ಕೆ ಬಂದು ಸಿದ್ದಾಪುರದಲ್ಲೇ ಉಳಿದ ಮನೆಯವರು. ಎಸ್ಸೆಸ್ಸೆಲ್ಸಿ ಮುಗಿಸಿ ಎರಡು ವರ್ಷ ತಾಯಿಯ ಜೊತೆ ಗದ್ದೆಗೆ ಇಳಿದಿದ್ದಳು. ಹೊಲಿಗೆಯಲ್ಲಿ ಜಾಗ ಭರ್ತಿಯಾಗಿತ್ತು. ಅವಳು ಅಳುವಂತೆ ನಿಂತಿದ್ದನ್ನು ನೋಡಿ ಮೇಸ್ತ್ರಿ, "ಕೈ ತೋರ್ಸು" ಎಂದರು. ತೋರಿಸಿದಳು. "ಸಣ್ಣ ಕೈ ಅದಾವು, ಕೊಳವಿಯೊಳಗ ಸರಾಗ ಹೋಗ್ತಾವು. ಬಾ" ಎಂದರು. ಅವಳ ತಂದೆ ಬಂದು, "ಇದು ಗಂಡಸರ ಕೆಲಸಲ್ಲೇನ್ರಿ?" ಎಂದು ತಕರಾರು ಮಾಡಿದ. "ಎಣಸಾಕ ಬಂದ್ರ ಸಾಕು. ಎಣಿಕಿಗೆ ಗಂಡು ಹೆಣ್ಣು ಏನೈತಿ?" ಎಂದು ಮೇಸ್ತ್ರಿ ಅವನಿಗೂ ಚಹಾ ಕೊಟ್ಟು ಕಳಿಸಿದರು.

ಒಂದು ಸಲ ಅವಳು ಎಣಿಕೆ ತಪ್ಪಿ, ಹೇಳದೆ, ಅಂದಾಜಿನಲ್ಲಿ ಮುಗಿಸಿಬಿಟ್ಟಳು. ಮೋಟಾರು ಪರೀಕ್ಷೆಗೆ ಹಾಕಿದರೆ ಗುರ್ ಎನ್ನತೊಡಗಿತು. ಮೇಸ್ತ್ರಿ ಬಂದು ಅದರ ಮೈ ಮೇಲೆ ಅಂಗೈ ಇಟ್ಟು, ಏನೂ ಹೇಳದೆ ತಂತಿ ಕತ್ತರಿಸುವ ಇಕ್ಕಳ ಅವಳ ಕೈಗೆ ಕೊಟ್ಟರು. ಮೂರು ದಿನದ ಕೆಲಸ ಅದು. ಅವಳು ಕಣ್ಣೀರು ಹಾಕುತ್ತ ಎಲ್ಲ ಕಿತ್ತಳು. ಕಿತ್ತು ಮುಗಿಯುವ ತನಕ ಅವರು ಅವಳ ಪಕ್ಕದಲ್ಲೇ ಕೂತಿದ್ದರು. ಅವತ್ತು ಊಟಕ್ಕೂ ಏಳಲಿಲ್ಲ. ಈಗ ಸಿದ್ದಾಪುರದ ಮುಖ್ಯ ರಸ್ತೆಯಲ್ಲಿ ಅವಳದೇ ಅಂಗಡಿ ಇದೆ. ಅವಳ ತಾಯಿ ಗದ್ದೆಗೆ ಹೋಗುವುದು ಬಿಟ್ಟು ಬಹಳ ದಿನವಾಯಿತು.

ಇಂಥ ಒಬ್ಬಳ ಹಿಂದೆ ಎಷ್ಟು ಜನ ಎಲ್ಲೂ ಮುಟ್ಟದೆ ಹೋದರು ಎಂಬುದೂ ನನಗೆ ಗೊತ್ತು. ಸಾಣಾಪುರ ಕೆರೆಯಲ್ಲಿ ಪ್ರವಾಸಿಗರಿಗೆ ತೆಪ್ಪ ಹಾಕುವವರಲ್ಲಿ ನಮ್ಮ ಪ್ರಮಾಣಪತ್ರ ಇದ್ದವರಿದ್ದಾರೆ. ಗಿಣಿಗೇರಾದ ಕಾರ್ಖಾನೆಗಳಲ್ಲಿ ಲಾರಿಗೆ ಮಾಲು ತುಂಬುವವರೂ ಇದ್ದಾರೆ. ಸಿಕ್ಕಾಗ, "ಸರ, ಆರಾಮ್ರಿ?" ಎಂದು, ನಾನೇ ಕಲಿಸಿದ ಹಾಗೆ ಕಣ್ಣಲ್ಲಿ ಕಣ್ಣಿಟ್ಟು ಕೈ ಕುಲುಕುತ್ತಾರೆ. ನನಗೆ ತಲೆ ತಗ್ಗಿಸುವ ಹಾಗಾಗುತ್ತದೆ.

ಆಮೇಲೆ ಆ ನಿಯಮ ಬಂತು. ಕಲಿಸುವವರೆಲ್ಲರಿಗೂ ಪ್ರಮಾಣಪತ್ರ ಇರಲೇಬೇಕು, ಇಲ್ಲದಿದ್ದರೆ ವಿಭಾಗ ಮುಚ್ಚಬೇಕು. ಸಹಿ ಮಾಡುತ್ತಿದ್ದ ಡಿಪ್ಲೊಮಾದವನು ಆಗಲೇ ಬೇರೆ ಕಡೆ ನೌಕರಿ ಹಿಡಿದು ಹೋಗಿದ್ದ. ಓದು ಇಲ್ಲದವರಿಗೆ ಒಂದು ದಾರಿ ಬಿಟ್ಟಿದ್ದರು. ಹೊರಗಿನಿಂದ ಬಂದ ಪರೀಕ್ಷಕರ ಎದುರು ಕೆಲಸ ಮಾಡಿ ತೋರಿಸಿ, ಕೇಳಿದ್ದಕ್ಕೆ ಬಾಯಿಮಾತಿನಲ್ಲಿ ಉತ್ತರ ಹೇಳಿ ಪಾಸಾದರೆ ಸಾಕು. ಪ್ರಾಂಶುಪಾಲರು ಮೇಸ್ತ್ರಿಯನ್ನು ಕರೆದು, "ಇದೊಂದು ಪಾಸ್ ಮಾಡ್ರಿ. ಇಲ್ಲಂದ್ರ ನನ್ನ ಕೈಯಾಗ ಏನೂ ಉಳಿಯಂಗಿಲ್ಲ" ಎಂದರು. ಆಗ ಆ ಕೋಣೆಯಲ್ಲಿ ಹದಿನಾರು ಮಕ್ಕಳು ಅರ್ಧ ಕಲಿತು ಕೂತಿದ್ದರು.

ಒಂದು ತಿಂಗಳು ನಾನು ಅವರಿಗೆ ಪಾಠ ಹೇಳಿದೆ. ಮೂವತ್ತು ವರ್ಷದಿಂದ ಅವರ ಕೈಗೆ ಗೊತ್ತಿದ್ದ ವಸ್ತುಗಳಿಗೆ ಪುಸ್ತಕದ ಹೆಸರು ಹೇಳಿಕೊಡುವ ಪಾಠ. ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು, ಶಾಲೆಯ ಹುಡುಗನ ಹಾಗೆ ಕೂತು ಒಪ್ಪಿಸುತ್ತಿದ್ದರು. "ನನಗ ಬಿಡ್ರಿ ಸರ. ಈ ಹುಡುಗ್ರು ನಡುವ ಉಳೀತಾವಲ್ರಿ" ಎನ್ನುತ್ತಿದ್ದರು.

ಪರೀಕ್ಷಕ ಬಂದ. ಎಳೆಯ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟ್ಯಾಬ್. ಕೆಟ್ಟವನಲ್ಲ, ಅವತ್ತೇ ಇನ್ನೂ ಎರಡು ಊರಿಗೆ ಹೋಗಬೇಕಾಗಿದ್ದವನು. ಒಂದು ತಾಸಿನೊಳಗೆ ಒಂದು ಕಾಯಿಲು ತುಂಬಬೇಕು ಎಂದು ಹೇಳಿ ಟ್ಯಾಬಿನಲ್ಲಿ ಸಮಯ ಶುರು ಮಾಡಿದ. ಮೇಸ್ತ್ರಿ ಟೇಪು ಸುತ್ತಿದ ಬೆರಳನ್ನು ಕಣ್ಣಿಗೊತ್ತಿಕೊಂಡು, "ಲಾಭ" ಎಂದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಕೈ ಎಷ್ಟು ಚೆನ್ನಾಗಿ ಓಡುತ್ತಿತ್ತೆಂದರೆ, ಅರ್ಧ ತಾಸು ಕಳೆಯುವುದರೊಳಗೆ ಮುಕ್ಕಾಲು ಭಾಗ ಆದಂತೆ ಕಂಡಿತು. ಅಷ್ಟರಲ್ಲಿ ಪರೀಕ್ಷಕ ಟ್ಯಾಬ್ ನೋಡುತ್ತ ಮೊದಲ ಪ್ರಶ್ನೆ ಕೇಳಿದ. ಮೇಸ್ತ್ರಿ ತಲೆ ಎತ್ತಲಿಲ್ಲ. ಮತ್ತೆ ಕೇಳಿದ. ತುಟಿ ಅಲ್ಲಾಡುತ್ತಲೇ ಇತ್ತು. "ಉತ್ತರ ಗೊತ್ತಿಲ್ಲ ಅಂತ ಹಾಕ್ಲಾ?" ಎಂದ.

ನಾನು ಆ ಹುಡುಗನ ಹತ್ತಿರ ಹೋಗಿ ಕಿವಿಯಲ್ಲಿ, "ಎಣಿಸುತ್ತಿದ್ದಾರೆ, ಸ್ವಲ್ಪ ತಡೀರಿ" ಎಂದಿದ್ದರೆ ಸಾಕಾಗಿತ್ತು. ಹದಿನೈದು ವರ್ಷ ಪಕ್ಕದಲ್ಲಿ ಕೂತವನಿಗೆ ಅಷ್ಟು ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ. ಗಾಬರಿಯಲ್ಲಿ ಮೇಸ್ತ್ರಿಯ ಭುಜ ಹಿಡಿದು ಅಲುಗಾಡಿಸಿ, "ಮೇಸ್ತ್ರಿ, ಉತ್ತರ ಹೇಳ್ರಿ! ನಿನ್ನೆನೇ ಹೇಳಿಕೊಟ್ಟೀನಲ್ಲ!" ಎಂದು ಕೂಗಿಬಿಟ್ಟೆ.

ಅವರ ತುಟಿ ನಿಂತಿತು. ಕೈ ನಿಂತಿತು. ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದರೆ ಈಗ ನನಗೆ ಬದುಕು ಹಗುರಾಗಿರುತ್ತಿತ್ತು. ಕೇಳಿದ ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳಿದರು. ಆಮೇಲೆ ತಂತಿಯ ತುದಿ ಹಿಡಿದು, ತುಂಬಿದ್ದನ್ನೆಲ್ಲ ಒಂದೊಂದೇ ಸುತ್ತು ಹೊರಗೆಳೆಯತೊಡಗಿದರು.

"ಅರೆ, ಏನ್ಮಾಡ್ತಿದ್ದೀರಿ? ಎಲ್ಲಿಗೆ ಬಿಟ್ಟಿದ್ರೋ ಅಲ್ಲಿಂದ ಮುಂದುವರಿಸಿ. ಒಂದೆರಡು ಆಚೀಚೆ ಆದರೆ ಫೋಟೋದಲ್ಲಿ ಕಾಣಲ್ಲ" ಎಂದ ಪರೀಕ್ಷಕ. ಅವನು ಸಹಾಯ ಮಾಡಲೆಂದೇ ಹೇಳಿದ್ದು.

"ಕಾಣಂಗಿಲ್ಲ ಬಿಡ್ರಿ" ಎಂದರು ಮೇಸ್ತ್ರಿ. "ಸುತ್ತಲೂ ಹುಡುಗ್ರು ನಿಂತು ನೋಡಾಕತ್ತಾವಲ್ರಿ."

ಹದಿನಾರು ಮಕ್ಕಳೂ ಮೇಜಿನ ಸುತ್ತ ನಿಂತಿದ್ದರು. ಮೇಸ್ತ್ರಿ ಮತ್ತೆ ಲಾಭದಿಂದ ಶುರು ಮಾಡಿದರು. ಸಮಯ ಮುಗಿದಾಗ ಎಷ್ಟೋ ಸುತ್ತು ಬಾಕಿ ಇತ್ತು. ಆ ಟ್ಯಾಬಿನಲ್ಲಿ 'ನಾಪಾಸು' ಎಂಬ ಪದ ಇರಲಿಲ್ಲ. 'ಇನ್ನೂ ನಿಪುಣರಾಗಿಲ್ಲ' ಎಂದು ಬಂತು. ಪರೀಕ್ಷಕ ಹೊರಟುಹೋದ ಮೇಲೂ ಮೇಸ್ತ್ರಿ ಕೂತು ಕಾಯಿಲು ಪೂರ್ತಿ ಮಾಡಿ, ತುದಿ ಕಟ್ಟಿ, ಸೀಮೆಸುಣ್ಣದಿಂದ ಮೇಜಿನ ಮೇಲೆ ನಲವತ್ತನಾಲ್ಕು ಎಂದು ಬರೆದರು. ಎದ್ದು ಬಂದು ನನ್ನ ಬೆನ್ನು ತಟ್ಟಿ, "ಬರ್ರಿ ಸರ, ಚಾ ಕುಡಿಯೋಣು" ಎಂದರು.

ವಿಭಾಗ ಮುಚ್ಚಿತು. ಆ ಕೋಣೆಯಲ್ಲಿ ಈಗ ಇನ್ನಷ್ಟು ಕಂಪ್ಯೂಟರುಗಳಿವೆ. ಹದಿನಾರರಲ್ಲಿ ಹೆಚ್ಚಿನವರು ಎಲ್ಲಿ ಹೋದರೋ ಹುಡುಕುವ ಧೈರ್ಯ ನನಗಾಗಲಿಲ್ಲ. ಮೇಸ್ತ್ರಿ ಕುಷ್ಟಗಿಗೆ ಹೋಗಿ ಮನೆ ಮುಂದೆ ತಗಡಿನ ನೆರಳು ಮಾಡಿಕೊಂಡು ಬಂದ ಮೋಟಾರುಗಳಿಗೆ ತಂತಿ ಸುತ್ತಿಕೊಂಡಿದ್ದರು. ಹಬ್ಬಕ್ಕೊಮ್ಮೆ ಫೋನ್ ಮಾಡಿ, "ಈ ಕಡೆ ಬರ್ರಿ ಸರ" ಎನ್ನುತ್ತಿದ್ದರು. ಬರುತ್ತೇನೆ ಎನ್ನುತ್ತಿದ್ದೆ. ಒಮ್ಮೆಯೂ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ಸಿದ್ದಾಪುರದಲ್ಲಿ ಇಳಿದು ಅಂಗಡಿಗೆ ಹೋದೆ. ಬಾಗಿಲಲ್ಲಿ ಇಬ್ಬರು ರೈತರು ಸುಮ್ಮನೆ ಕುಕ್ಕರುಗಾಲಲ್ಲಿ ಕೂತಿದ್ದರು. ಒಳಗೆ ಹುಲಿಗೆಮ್ಮ ನೆಲದ ಮೇಲೆ ಕೂತು ಕೊಳವೆಯೊಳಗೆ ತಂತಿ ತೂರಿಸುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು. ಫೋನು ಪಕ್ಕದ ಗೂಡಿನಲ್ಲಿ ಮಕಾಡೆ ಬಿದ್ದಿತ್ತು. ನನ್ನ ನೆರಳು ಬಿದ್ದರೂ ತಲೆ ಎತ್ತಲಿಲ್ಲ. ನಾನು ಚಪ್ಪಲಿ ಬಿಟ್ಟು, ಆ ರೈತರ ಪಕ್ಕ ಹೋಗಿ ಕೂತೆ.

ತಾಸು ಹೊತ್ತು ಆಗಿರಬೇಕು. ಅವಳು ಕೊನೆಯ ಸುತ್ತು ಎಳೆದು, ದಾರ ಬಿಗಿದು, ಸೀಮೆಸುಣ್ಣದಿಂದ ಬರೆದಳು. ಆಮೇಲೆ ತಿರುಗಿ, "ಬರ್ರಿ ಸರ. ಯಾವಾಗ ಬಂದ್ರಿ? ಈಗ ಹೇಳ್ರಿ" ಎಂದಳು.

ಹೇಳಿದೆ. ಅವಳು ಕೈಯಲ್ಲಿದ್ದ ಸುಣ್ಣದ ತುಂಡನ್ನು ನೋಡುತ್ತ ಕೂತಳು. ಎಷ್ಟೋ ವರ್ಷದಿಂದ ಒಳಗೇ ಇಟ್ಟುಕೊಂಡದ್ದನ್ನೂ ಆಗಲೇ ಹೇಳಿಬಿಟ್ಟೆ. ಪರೀಕ್ಷೆಯ ದಿನ ಅವರ ಎಣಿಕೆ ತಪ್ಪಿಸಿದವನು ನಾನು, ನಾನು ಕೂಗದಿದ್ದರೆ ಪಾಸಾಗುತ್ತಿದ್ದರು ಎಂದೆ.

"ನಮಗ ಹಂಗ ಹೇಳಿಲ್ರಿ ಅವ್ರು" ಎಂದಳು. "ವಯಸ್ಸಾತು, ಎಣಿಕಿ ನಾನ ತಪ್ಪಿದೆ ಅಂದಿದ್ರು."

ನನಗೆ ದುಃಖ ತಡೆಯಲಾಗಲಿಲ್ಲ. ಆ ರೈತರ ಎದುರಿಗೇ ಅತ್ತುಬಿಟ್ಟೆ. ಅವಳು ಎದ್ದು ಕೊಡದಿಂದ ನೀರು ತಂದುಕೊಟ್ಟಳು. "ಒಂದ ಕಾಯಿಲ್ ಉಳದೈತ್ರಿ ಸರ. ಇವರ ಸಸಿಮಡಿ ಒಣಗಾಕತ್ತೈತಿ. ಇಷ್ಟು ಮುಗಿಸಿ ಬರ್ತೀನಿ, ಮಧ್ಯಾಹ್ನದ ಬಸ್ಸಿಗೆ ಕೂಡೇ ಹೋಗೋಣು" ಎಂದಳು. ಕೂತಳು. ತಂತಿ ತೆಗೆದುಕೊಂಡಳು.

"ಲಾಭ" ಎಂದಳು.

ಈ ಸಲ ದನಿ ಹೊರಗೆ ಕೇಳುವಂತಿತ್ತು. ಎರಡು, ಮೂರು, ನಾಲ್ಕು. ಹನ್ನೊಂದರ ಹತ್ತಿರ ಅದು ನಿಂತಿತು. ಮೊಣಕೈಯಿಂದ ಕಣ್ಣೊರೆಸಿಕೊಂಡಳು. ತಂತಿಯನ್ನು ವಾಪಸು ಎಳೆಯತೊಡಗಿದಳು. ಹನ್ನೊಂದೇ ಆಗಿದ್ದವು. ನಾನೂ ಮನಸ್ಸಿನಲ್ಲಿ ಎಣಿಸುತ್ತಲೇ ಇದ್ದೆ. ಹೇಳಬಹುದಾಗಿತ್ತು. ಹೇಳಲಿಲ್ಲ. ಅವಳು ಕೊನೆಯ ಸುತ್ತಿನ ತನಕ ಬಿಚ್ಚಿ, ತಂತಿ ನೇರ ಮಾಡಿಕೊಂಡು, ಮತ್ತೆ "ಲಾಭ" ಎಂದಳು.